ಸೆಕ್ಷನ್ ತೋರಿಸಿ ಸ್ವಾಮಿ: ತುಮಕೂರಿನ ಒಂದು ಕಾಲೇಜು ರಂಗಮಂದಿರ, ಅದನ್ನು ಬರೆದ ಆರ್ಕಿಟೆಕ್ಟ್ ಕಚೇರಿ

ತುಮಕೂರಿನ ಹೊರವಲಯದಲ್ಲಿ ಖಾಸಗಿ ಕಾಲೇಜೊಂದು 448 ಆಸನದ ರಂಗಮಂದಿರವನ್ನೂ ಅದರ ಪಕ್ಕದಲ್ಲೇ ಎರಡಂತಸ್ತಿನ ಗ್ರಂಥಾಲಯವನ್ನೂ ಕಟ್ಟಿಸಿದೆ. ನಕ್ಷೆ ಬೆಂಗಳೂರಿನ ಕಚೇರಿಯೊಂದರದು. ಅಲ್ಲಿನ ಹಿರಿಯ ಆರ್ಕಿಟೆಕ್ಟ್ ವೃತ್ತಿಯ ಬಹುಪಾಲನ್ನು ವಿಶ್ವವಿದ್ಯಾಲಯದ ಕಟ್ಟಡ, ಕಲಾಭವನ, ಗ್ರಂಥಾಲಯಗಳಿಗೇ ಕೊಟ್ಟವರು. ಮನೆ, ಮಾಲ್, ಅಪಾರ್ಟ್‌ಮೆಂಟು ಮುಟ್ಟುವುದಿಲ್ಲ. ಕಾಲೇಜಿನ ಹೆಸರಾಗಲಿ ಕಚೇರಿಯ ಹೆಸರಾಗಲಿ ಇಲ್ಲಿ ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಶಿಕ್ಷಣ ಸಂಸ್ಥೆಗಳು ಇಂಥ ಕಚೇರಿಗೆ ಹೋದರೆ ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎನ್ನುವುದಷ್ಟೇ ಈ ವಿಮರ್ಶೆಯ ವಿಷಯ.

ಅಂಕ ಮೊದಲೇ ಹೇಳಿಬಿಡೋಣ. ನಕ್ಷೆಗೆ ಐದಕ್ಕೆ ನಾಲ್ಕೂವರೆ. ಸೈಟಿನ ಮೇಲ್ವಿಚಾರಣೆಗೆ ಎರಡೂವರೆ.

ನಮ್ಮ ಕಡೆ ಸಂಸ್ಥೆಗಳು ಆರ್ಕಿಟೆಕ್ಟ್‌ನನ್ನು ಆರಿಸುವ ರೀತಿಯೇ ವಿಚಿತ್ರ. ಪ್ಲಾನಿನಲ್ಲಿ ಎಷ್ಟು ಕೋಣೆ ಹಿಡಿದವು ಅಂತ ಎಣಿಸುತ್ತಾರೆ, ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದ ಎಲಿವೇಶನ್, ಅಂದರೆ ಕಟ್ಟಡದ ಹೊರಮುಖದ ಚಿತ್ರ, ನೋಡುತ್ತಾರೆ, ಈಶಾನ್ಯದಲ್ಲಿ ಸಂಪು ಬಂತಾ ಅಂತ ಕೇಳುತ್ತಾರೆ. ವಾಸ್ತುಶಿಲ್ಪಿ ಎಂದರೆ ವಾಸ್ತು ಹೇಳುವವನು ಎಂದೇ ತಿಳಿದ ಟ್ರಸ್ಟಿಗಳು ಈಗಲೂ ಇದ್ದಾರೆ. ಸಭಾಂಗಣದ ಕಸುಬು ಗೊತ್ತಿರುವವನೋ ಇಲ್ಲವೋ ಎಂದು ಈ ಮೂರರಲ್ಲಿ ಯಾವುದೂ ಹೇಳುವುದಿಲ್ಲ. ಅದು ಗೊತ್ತಾಗುವುದು ಸೆಕ್ಷನ್‌ನಲ್ಲಿ, ಅಂದರೆ ಕಟ್ಟಡವನ್ನು ಹಲಸಿನ ಹಣ್ಣಿನಂತೆ ಸೀಳಿ ಒಳಗನ್ನು ತೋರಿಸುವ ನಕ್ಷೆಯಲ್ಲಿ. ಯಾರ ತಲೆ ಯಾರಿಗೆ ಅಡ್ಡ, ದನಿ ಎಲ್ಲಿ ಬಡಿದು ಎಲ್ಲಿಗೆ ವಾಪಸು ಬರುತ್ತದೆ, ಬಿಸಿಲು ಯಾವ ತಿಂಗಳು ಯಾವ ಮೇಜಿಗೆ ಬೀಳುತ್ತದೆ, ಎಲ್ಲವೂ ಅಲ್ಲೇ ಇರುತ್ತವೆ. ಈ ಕಚೇರಿ ಬಣ್ಣದ ಚಿತ್ರ ತರುವ ಮುಂಚೆ ರಂಗಮಂದಿರದ ನಾಲ್ಕು ಸೆಕ್ಷನ್‌ಗಳನ್ನು 1:50 ಅಳತೆಯಲ್ಲಿ ಟ್ರಸ್ಟಿನ ಮೇಜಿನ ಮೇಲೆ ಹರಡಿತು. ನಾಲ್ಕೂವರೆ ಅಂಕ ಬಂದದ್ದು ಆ ನಾಲ್ಕು ಹಾಳೆಗಳಿಂದ.

ಕೂರುವ ವ್ಯವಸ್ಥೆಯಿಂದ ಶುರು ಮಾಡೋಣ. 16 ಸಾಲು, ಸಾಲಿಗೆ 28 ಆಸನ: ಎಡಕ್ಕೆ 7, ನಡುವೆ 14, ಬಲಕ್ಕೆ 7. ಒಂದೇ ಕಡೆ ದಾರಿಯಿರುವ ಸಾಲಿಗೆ 7, ಎರಡೂ ಕಡೆ ದಾರಿಯಿದ್ದರೆ 14. ಅದಕ್ಕಿಂತ ಹೆಚ್ಚಾದರೆ ಗಾಬರಿಯ ಹೊತ್ತಿನಲ್ಲಿ ಜನ ಮೊಣಕಾಲು ದಾಟಿ ಹೊರಬರುವುದು ಕಷ್ಟ. ಸಾಲಿನಿಂದ ಸಾಲಿಗೆ 90 ಸೆಂ.ಮೀ. ವೇದಿಕೆಯ ಎತ್ತರವೂ 90 ಸೆಂ.ಮೀ. ಮೊದಲ ಸಾಲು ವೇದಿಕೆಯ ಅಂಚಿನಿಂದ 4 ಮೀಟರ್, ಕೊನೆಯದು ಹದಿನೇಳೂವರೆ ಮೀಟರ್. ನಟನ ಮುಖಭಾವ ಬರಿಗಣ್ಣಿಗೆ ಕಾಣಬೇಕಾದರೆ ಸುಮಾರು 20 ಮೀಟರ್ ದಾಟಬಾರದು, ಅದರೊಳಗೇ ಎಲ್ಲರೂ ಕೂತಿದ್ದಾರೆ.

ಮೆಟ್ಟಿಲುಗಳ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಹಿಂದೆ ಕೂತವನ ದೃಷ್ಟಿ ಮುಂದಿನವನ ಕಣ್ಣಿನ ಮಟ್ಟಕ್ಕಿಂತ 12 ಸೆಂ.ಮೀ. ಮೇಲಿಂದ ಹೋಗಬೇಕು, ಆಗ ತಲೆ ಅಡ್ಡ ಬರುವುದಿಲ್ಲ. ಪ್ರತಿ ಸಾಲಿಗೂ ಅಷ್ಟು ಕೊಟ್ಟರೆ ಸಭಾಂಗಣ ಬೆಟ್ಟದಂತೆ ಏರುತ್ತದೆ. ಹಾಗಾಗಿ ಆಸನಗಳನ್ನು ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಆಸನದಷ್ಟು ಸರಿಸಿದ್ದಾರೆ. ಎದುರಿನ ಇಬ್ಬರ ನಡುವಿನಿಂದ ನೋಡಬಹುದು, ಅವರ ಮುಂದಿನವನ ತಲೆಯಷ್ಟೇ ದಾಟಿದರೆ ಸಾಕು. ಸಾಲಿಗೆ 6 ಸೆಂ.ಮೀ. ಲೆಕ್ಕ ಹಿಡಿದರೆ ಎರಡು ಸಾಲಿಗೆ 12 ಆಗುತ್ತದೆ. ಹೀಗೆ ಲೆಕ್ಕ ಹಾಕಿದಾಗ ಮುಂದಿನ ಮೆಟ್ಟಿಲು 12 ಸೆಂ.ಮೀ., ಹಿಂದಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿ ಕೊನೆಯದು 20 ಸೆಂ.ಮೀ. ಒಟ್ಟು ಏರು ಸುಮಾರು ಎರಡೂವರೆ ಮೀಟರ್. ಒಂದು ಮೆಟ್ಟಿಲಿನಂತೆ ಇನ್ನೊಂದಿಲ್ಲ.

ಸೈಟಿನಲ್ಲಿ ಕೆಟ್ಟದ್ದೂ ಇದೇ. ಹದಿನೈದು ಬೇರೆ ಬೇರೆ ಎತ್ತರಕ್ಕೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿನ ಅಚ್ಚು, ಕಟ್ಟುವುದು ಮೇಸ್ತ್ರಿಗೆ ತಲೆನೋವು. ಮುಂದಿನ ಹತ್ತು ಮೆಟ್ಟಿಲು ನಕ್ಷೆಯಂತೆ ಬಂದವು. ಆಮೇಲೆ ಕಚೇರಿಯವರು ಎರಡು ವಾರ ಸೈಟಿನ ಕಡೆ ತಲೆ ಹಾಕಲಿಲ್ಲ, ಉಳಿದದ್ದೆಲ್ಲ ಒಂದೇ ಅಚ್ಚಿನಲ್ಲಿ 15 ಸೆಂ.ಮೀ. ಆಯಿತು. 15ಕ್ಕೂ 20ಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. ಕೊನೆಯ ಸಾಲುಗಳಲ್ಲಿ ಕೂತರೆ ವೇದಿಕೆಯ ಮುಂಭಾಗದ ನೆಲ ಕಾಣುವುದಿಲ್ಲ. ಭಾಷಣಕ್ಕೆ ತೊಂದರೆಯಿಲ್ಲ, ಭರತನಾಟ್ಯಕ್ಕೆ ಗೆಜ್ಜೆ ಕಟ್ಟಿದ ಕಾಲೇ ಮಾಯ. ತಪ್ಪು ಕಾಂಟ್ರಾಕ್ಟರನದು ನಿಜ. ಆದರೆ ಕಾಂಕ್ರೀಟ್ ಹಾಕುವ ಮುಂಚೆ ಬಂದು ಟೇಪು ಹಿಡಿಯಬೇಕಾದವರು ಯಾರು?

ಇನ್ನು ದನಿಯ ಮಾತು. ಮೂರೂ ಜಿಲ್ಲೆಗಳ ಸಭಾಭವನಗಳಲ್ಲಿ ಸಾಮಾನ್ಯವಾಗಿ ಕೇಳುವ ದೂರು ಒಂದೇ: ಮೈಕು ಜೋರಾಗಿದೆ, ಮಾತು ಮಾತ್ರ ತಿಳಿಯುವುದಿಲ್ಲ. ಸ್ಪೀಕರ್ ಬದಲಿಸುತ್ತಾರೆ, ಹೊಸ ಮಿಕ್ಸರ್ ತರುತ್ತಾರೆ, ದೂರು ಹಾಗೇ ಉಳಿಯುತ್ತದೆ. ರೋಗ ಇರುವುದು ಕೋಣೆಯಲ್ಲಿ. ದನಿ ನಿಂತ ಮೇಲೂ ಅದರ ಅನುರಣನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ ಸಬೈನ್ ಸೂತ್ರವಿದೆ: ಸಭಾಂಗಣದ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಳಗಿನ ಜನ, ವಸ್ತುಗಳೆಲ್ಲ ಸೇರಿ ದನಿಯನ್ನು ಹೀರಿಕೊಳ್ಳುವ ಒಟ್ಟು ಹೀರುವಿಕೆಯಿಂದ ಭಾಗಿಸಬೇಕು. ಈ ಹಾಲಿನಲ್ಲಿ ಆಸನಕ್ಕೆ ನಾಲ್ಕೂವರೆ ಘನ ಮೀಟರ್, ಒಟ್ಟು 2,016. ನಾಟಕಕ್ಕೂ ಭಾಷಣಕ್ಕೂ ಒಂದು ಸೆಕೆಂಡು ಹಿತ. ಅಷ್ಟಕ್ಕೆ ಬೇಕಾದ ಹೀರುವಿಕೆ ಸುಮಾರು 325 ಚದರ ಮೀಟರಿನಷ್ಟು. ಹಾಲು ತುಂಬಿದ್ದರೆ ಮನುಷ್ಯನೊಬ್ಬನಿಗೆ ಅರ್ಧ ಚದರ ಮೀಟರಿನಂತೆ 448 ಜನರಿಂದಲೇ 224 ಬರುತ್ತದೆ. ಉಳಿದ 101ನ್ನು ಗೋಡೆ, ಚಾವಣಿ, ಪರದೆಗಳು ಕೊಡಬೇಕು.

ಹಾಲು ತುಂಬದಿದ್ದರೆ ಏನು ಗತಿ ಎಂಬುದನ್ನೂ ಕಚೇರಿ ಯೋಚಿಸಿದೆ. ಸೋಮವಾರ ಬೆಳಿಗ್ಗೆಯ ವಿಶೇಷ ಉಪನ್ಯಾಸಕ್ಕೆ ಅರ್ಧ ಹಾಲು ಖಾಲಿ ಇರುತ್ತದೆ ಎನ್ನುವುದು ಯಾವ ಪ್ರಾಂಶುಪಾಲರಿಗೆ ಗೊತ್ತಿಲ್ಲ? ಆಸನ ಬರಿ ಫೈಬರ್ ಆಗಿದ್ದರೆ ಅರ್ಧ ಖಾಲಿ ಹಾಲಿನಲ್ಲಿ ಅನುರಣನ 1.45 ಸೆಕೆಂಡಿಗೆ ಏರುತ್ತದೆ, ಪೂರ್ತಿ ಖಾಲಿಯಿದ್ದರೆ ಎರಡೂವರೆ ದಾಟುತ್ತದೆ. ಬಟ್ಟೆ ಹೊದಿಸಿದ ಮೆತ್ತೆಯ ಆಸನವಾದರೆ ಅರ್ಧ ಖಾಲಿಯಲ್ಲೂ 1.16, ಪೂರ್ತಿ ಖಾಲಿಯಲ್ಲೂ 1.4ರ ಒಳಗೆ. ಖಾಲಿ ಮೆತ್ತೆ ಮನುಷ್ಯನ ಕೆಲಸದ ಅರ್ಧಕ್ಕಿಂತ ಹೆಚ್ಚು ಮಾಡುತ್ತದೆ. ಟ್ರಸ್ಟು ಇಲ್ಲಿ ಚೌಕಾಶಿಗೆ ನಿಂತಿತ್ತು, ಕಚೇರಿ ಬಗ್ಗಲಿಲ್ಲ. ಬೇಕಾದರೆ ಮೊಗಸಾಲೆಯ ಗ್ರಾನೈಟ್ ಪಾಲಿಶ್ ಬಿಡಿ, ಕುರ್ಚಿಯ ಬಟ್ಟೆ ಬಿಡಬೇಡಿ ಎಂದು ಬರೆದು ಕೊಟ್ಟಿತು. ರೆಕ್ಸಿನ್ ಹೊದಿಸಿದರೆ ಲಾಭ ಕಡಿಮೆಯಾಗುತ್ತದೆ, ಗಾಳಿಯಾಡುವ ಬಟ್ಟೆಯೇ ಬೇಕು. ಕೊನೆಗೆ ಬಂದದ್ದು ಬಟ್ಟೆಯೇ.

ಹಿಂಗೋಡೆಯ ವಿಷಯದಲ್ಲಿ ಮಾತ್ರ ಕಚೇರಿ ಸೋತಿತು. ವೇದಿಕೆಯ ದನಿ ಹಿಂಗೋಡೆಗೆ ಬಡಿದು ಮೊದಲ ಸಾಲಿಗೆ ಮರಳುವಾಗ ಸುಮಾರು 29 ಮೀಟರ್ ಹೆಚ್ಚು ನಡೆದಿರುತ್ತದೆ, ಅಂದರೆ 85 ಮಿಲಿಸೆಕೆಂಡು ತಡ. 50 ಮಿಲಿಸೆಕೆಂಡು, ಅಥವಾ 17 ಮೀಟರ್, ದಾಟಿದರೆ ಕಿವಿ ಅದನ್ನು ಬೇರೆ ದನಿಯಾಗಿಯೇ ಕೇಳುತ್ತದೆ. ಅದಕ್ಕೇ ಹಿಂಗೋಡೆ ಪೂರ್ತಿ ಮರದ ಪಟ್ಟಿ, ಅದರ ಹಿಂದೆ ಕಪ್ಪು ಬಟ್ಟೆ, 50 ಮಿ.ಮೀ. ರಾಕ್‌ವೂಲ್, ಅಂದರೆ ದನಿ ಹೀರುವ ಕಲ್ಲುನಾರಿನ ಮೆತ್ತೆ, ಎಂದು ನಕ್ಷೆಯಲ್ಲಿತ್ತು. ಟ್ರಸ್ಟು ಅದರ ನಟ್ಟನಡುವೆ ದಾನಿಗಳ ಹೆಸರು ಕೆತ್ತಿದ ನುಣುಪು ಗ್ರಾನೈಟ್ ಫಲಕ ಕೂರಿಸಿತು. ಈಗ ಮುಂದಿನ ಸಾಲಿನ ಗಣ್ಯರಿಗೆ ತಾವು ತಟ್ಟಿದ ಚಪ್ಪಾಳೆ ಎರಡು ಸಲ ಕೇಳುತ್ತದೆ. ದಾನಿಗಳಿಗೆ ಬೇಸರವಿರಲಿಕ್ಕಿಲ್ಲ. ಫಲಕವನ್ನು ಮೊಗಸಾಲೆಗೆ ಸಾಗಿಸಿ ಆ ಜಾಗಕ್ಕೆ ಪಟ್ಟಿ ಹೊಡೆದರೆ ಒಂದು ವಾರದ ಕೆಲಸ.

ಚಾವಣಿಗೆ ಕಾಂಕ್ರೀಟನ್ನೇ ಹಾಕಿಸಿದ್ದು ಸರಿಯಾದ ತೀರ್ಮಾನ. ಕಬ್ಬಿಣದ ಟ್ರಸ್ ಮೇಲೆ ತಗಡು ಹೊದಿಸಿದರೆ ಅಗ್ಗ, ಬೇಗವೂ ಮುಗಿಯುತ್ತದೆ. ಆದರೆ ಆಶ್ವಯುಜದ ಮಳೆ ಹೊಡೆಯತೊಡಗಿದರೆ ನಾಟಕವನ್ನು ನಿಲ್ಲಿಸಿಯೇ ಇರಬೇಕಾಗುತ್ತದೆ. ತಗಡೇ ಗತಿ ಎನ್ನುವವರು ಎರಡು ಪದರದ ನಡುವೆ ರಾಕ್‌ವೂಲ್ ಇಡಿಸಿ, ಕೆಳಗೆ ಪ್ರತ್ಯೇಕ ಫಾಲ್ಸ್ ಸೀಲಿಂಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಗ ಅಗ್ಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ.

ವೇದಿಕೆ ನಮ್ಮ ನೆಲಕ್ಕೆ ಹೊಂದಿದೆ, ಇದನ್ನು ಮೆಚ್ಚಲೇಬೇಕು. ತುಮಕೂರು ಸೀಮೆ ಗುಬ್ಬಿ ನಾಟಕ ಕಂಪನಿಯ ಸೀಮೆ. 1884ರಲ್ಲಿ ಹುಟ್ಟಿದ ಆ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ ರಂಗದ ಮೇಲೆ ಆನೆ ಕುದುರೆಗಳನ್ನೇ ತಂದು ನಿಲ್ಲಿಸಿತ್ತು. ಇವತ್ತಿಗೂ ಇಲ್ಲಿನ ಹಳ್ಳಿಗಳಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನಡೆಯುತ್ತದೆ, ಬಾಡಿಗೆ ಸೀನರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ವೇದಿಕೆಯ ಮಗ್ಗುಲಲ್ಲಿ ಕೂರುತ್ತಾರೆ. ಇಂಥ ನಾಟಕಕ್ಕೆ ಪರದೆ ಇಳಿಬಿಡಲು ಜಾಗ ಬೇಕು, ಪಾತ್ರಧಾರಿ ಕಿರೀಟ ಭುಜಕೀರ್ತಿ ಸಮೇತ ತಿರುಗಿ ನಿಲ್ಲುವಷ್ಟು ಅಗಲದ ಸೈಡ್‌ವಿಂಗ್ ಬೇಕು. ಕಾಲೇಜು ಸಭಾಂಗಣಗಳಲ್ಲಿ ಬಹುಪಾಲು ವೇದಿಕೆಯ ಎರಡೂ ಬದಿ ಗೋಡೆಯೇ, ದಾಟಿದರೆ ಸ್ಟೋರ್ ರೂಮು. ಇಲ್ಲಿ ವೇದಿಕೆಯ ಬಾಯಿ 10 ಮೀಟರ್, ಆಳ 8 ಮೀಟರ್, ಎರಡೂ ಬದಿ ನಾಲ್ಕೂವರೆ ಮೀಟರ್ ಬಿಟ್ಟಿದ್ದಾರೆ. ಮೇಲೆ ಎಂಟು ಕಬ್ಬಿಣದ ಪೈಪು ಅಡ್ಡಡ್ಡ ಇವೆ, ಪ್ರತಿಯೊಂದೂ ಎಷ್ಟು ಕೆಜಿ ಹೊರಬಹುದೆಂದು ಪೈಪಿನ ಮೇಲೇ ಬಣ್ಣದಲ್ಲಿ ಬರೆದಿದೆ. ಹಿಂಪರದೆಯ ಹಿಂದೆ 120 ಸೆಂ.ಮೀ. ಓಣಿಯಿದೆ, ಎಡಕ್ಕೆ ಹೋದ ದುರ್ಯೋಧನ ಪ್ರೇಕ್ಷಕರಿಗೆ ಕಾಣದೆ ಬಲದಿಂದ ಬರಬಹುದು. ಬಣ್ಣದ ಕೋಣೆಯೊಳಗೇ ಮುಖ ತೊಳೆಯುವ ನಲ್ಲಿ, ಕನ್ನಡಿಯ ಸುತ್ತ ದೀಪ, ಒಂದು ಶೌಚಾಲಯ. ವೇದಿಕೆಯ ಮಟ್ಟಕ್ಕೆ ಗಾಲಿಕುರ್ಚಿ ಏರಲು 1:12ರ ಇಳಿಜಾರು, 90 ಸೆಂ.ಮೀ.ಗೆ 10.8 ಮೀಟರ್ ಉದ್ದ, ನಡುವೆ ತಂಗು. ಜಾಗ ಉಳಿಸುತ್ತೇವೆಂದು ಇದನ್ನು ಮೊಟಕು ಮಾಡಿದ ಕಟ್ಟಡಗಳಲ್ಲಿ ಕುರ್ಚಿಯನ್ನು ನಾಲ್ಕು ಜನ ಹೊರಬೇಕಾಗುತ್ತದೆ.

ಬಾಗಿಲುಗಳು 2 ಮೀಟರ್ ಅಗಲ, ಎಲ್ಲವೂ ಹೊರಕ್ಕೆ ತೆರೆಯುತ್ತವೆ. ಜನ ಸೇರುವ ಕಟ್ಟಡಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದೂ ಅಷ್ಟೇ. ಒಂದಕ್ಕೆ ಹೊರಗಿನಿಂದ ಬೀಗ ಜಡಿದಿರುವುದು ಕಾಲೇಜಿನ ಸ್ವಂತ ಸಾಧನೆ.

ಗ್ರಂಥಾಲಯಕ್ಕೆ ಬಂದರೆ, ಉತ್ತರದ ಬೆಳಕಿನ ಪ್ರಶ್ನೆ. ಪುಸ್ತಕವಿಡುವ ಕಡೆ ಉತ್ತರಕ್ಕೆ ಗಾಜು ಹಾಕಿ, ಬಿಸಿಲು ಬರುವುದಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅವು ಯುರೋಪಿನ ಆಕಾಶ ನೋಡಿ ಬರೆದವು. ತುಮಕೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ಜೂನ್ 21ಕ್ಕೆ ಸುಮಾರು 10 ಡಿಗ್ರಿಯಷ್ಟು. ಮಧ್ಯಾಹ್ನದ ಈ ಬಿಸಿಲಿಗೆ ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 30 ಸೆಂ.ಮೀ. ಸಜ್ಜೆ ಸಾಕು. ಉಪದ್ರವ ಕೊಡುವುದು ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು. ಅದಕ್ಕೆ ಸಜ್ಜೆಯಿಂದ ಪ್ರಯೋಜನವಿಲ್ಲ, ಕಿಟಕಿಯ ಮಗ್ಗುಲಿಗೆ ನಿಲುವು ಹಲಗೆಗಳು ಬೇಕು. ಈ ಕಚೇರಿ ಅವನ್ನು ಚಪ್ಪಡಿ ಕಲ್ಲಿನಲ್ಲೇ ನಿಲ್ಲಿಸಿದೆ. ದಕ್ಷಿಣಕ್ಕೆ ಡಿಸೆಂಬರಿನಲ್ಲಿ ಸೂರ್ಯ 53 ಡಿಗ್ರಿ ಎತ್ತರದಲ್ಲಿ ಮಾತ್ರ ಇರುವುದರಿಂದ ಅದೇ ಅಳತೆಯ ಕಿಟಕಿಗೆ 110 ಸೆಂ.ಮೀ.ಗಿಂತ ಹೆಚ್ಚು ಸಜ್ಜೆ ಬೇಕು. ಅಲ್ಲಿ ಜಗಲಿಯನ್ನೇ ಕೊಟ್ಟು ಕೆಲಸ ಮುಗಿಸಿದ್ದಾರೆ, ಹುಡುಗರಿಗೆ ಕೂತು ಹರಟಲೂ ಜಾಗವಾಯಿತು. ಪಶ್ಚಿಮಕ್ಕೆ ಕಿಟಕಿಯೇ ಇಲ್ಲ. ಕೋಲಾರದಲ್ಲೂ ಚಿಕ್ಕಬಳ್ಳಾಪುರದಲ್ಲೂ ಅಕ್ಷಾಂಶ ಹೆಚ್ಚುಕಡಿಮೆ ಇದೇ, ಲೆಕ್ಕವೂ ಇದೇ.

ಪುಸ್ತಕದ ಭಾರದ ಬಗ್ಗೆ ಎಚ್ಚರವಿರಲಿ. ತರಗತಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 300 ಕೆಜಿ ಲೆಕ್ಕ ಹಿಡಿಯುತ್ತಾರೆ, ಪುಸ್ತಕದ ಕಪಾಟು ಸಾಲಾಗಿ ನಿಲ್ಲುವ ಕಡೆಗೆ 600. ಕಪಾಟು 2.2 ಮೀಟರಿಗಿಂತ ಎತ್ತರವಾದರೆ ಇನ್ನೂ ಹೆಚ್ಚು. ಖಾಲಿ ತರಗತಿಯನ್ನು ಗ್ರಂಥಾಲಯ ಮಾಡಿಕೊಂಡ ಕಾಲೇಜುಗಳಲ್ಲಿ ಕೆಳಗಿನ ಸೀಲಿಂಗ್ ಬಿರುಕು ಬಿಡುವುದು ಇದಕ್ಕೇ. ಇಲ್ಲಿ ಕಪಾಟುಗಳೆಲ್ಲ ನೆಲ ಅಂತಸ್ತಿನಲ್ಲಿ, ಓದುವ ಮೇಜುಗಳು ಮೇಲೆ.

ಗೋಡೆಗಳಿಗೆ ಸೈಜುಗಲ್ಲು, ಅದೂ ಅಕ್ಕಪಕ್ಕದ ಕ್ವಾರಿಯದ್ದು. ಈ ಸೀಮೆಯ ಕಲ್ಲನ್ನು ವಿದ್ಯಾಸಂಸ್ಥೆಗೆ ಹೇಗೆ ಬಳಸಬೇಕೆಂದು ನೋಡಬೇಕಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. 2018ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡುವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಬಾಲಕೃಷ್ಣ ದೋಶಿ ಅದನ್ನು 1970ರ ದಶಕದ ಕೊನೆಯಲ್ಲಿ ಯೋಜಿಸಿದರು. ಒರಟು ಬೂದು ಗ್ರಾನೈಟ್ ಗೋಡೆ, ತೆರೆದ ಉದ್ದನೆಯ ಓಣಿ, ಬಳ್ಳಿ ಹಬ್ಬಿದ ಕಾಂಕ್ರೀಟ್ ಚಪ್ಪರ. ಇದನ್ನು ನೋಡಿದವರು ಕಲ್ಲನ್ನಷ್ಟೇ ನಕಲು ಮಾಡುತ್ತಾರೆ, ಓಣಿಯನ್ನು ಬಿಟ್ಟುಬಿಡುತ್ತಾರೆ. ನಮ್ಮ ಈ ಕಚೇರಿಗೆ ಓಣಿಯ ಮಹತ್ವ ಗೊತ್ತಿದೆ: ರಂಗಮಂದಿರಕ್ಕೂ ಗ್ರಂಥಾಲಯಕ್ಕೂ ನಡುವೆ ಮೂರು ಮೀಟರಿನ ತೆರೆದ ಓಣಿ ಬಿಟ್ಟು ಸದ್ದನ್ನೂ ಬೇರೆ ಮಾಡಿದೆ, ಉದ್ದದ ಕಟ್ಟಡವನ್ನೂ ಎರಡಾಗಿ ತುಂಡರಿಸಿದೆ. 45 ಮೀಟರ್ ದಾಟಿದ ಕಾಂಕ್ರೀಟ್ ಕಟ್ಟಡಕ್ಕೆ ಹಿಗ್ಗುಕುಗ್ಗಿನ ಸಂದು ಬಿಡಬೇಕು, ಆ ಸಂದಿನಲ್ಲೇ ಮಳೆ ನೀರು ಸೋರುತ್ತದೆ. ಇಲ್ಲಿ ಸಂದೂ ಇಲ್ಲ, ಸೋರಿಕೆಯೂ ಇಲ್ಲ.

ಕಲ್ಲಿನ ಗೋಡೆ 45 ಸೆಂ.ಮೀ. ದಪ್ಪ. ಎರಡೂ ಮುಖ ಹಿಡಿದಿಡುವ ಅಡ್ಡಗಲ್ಲು ಒಂದೂವರೆ ಮೀಟರಿಗೊಂದರಂತೆ ಬೇಕು. ಅದಿಲ್ಲದಿದ್ದರೆ ಹೊರಮುಖ ಹೊಟ್ಟೆ ಬಿಡುತ್ತದೆ. ಇಲ್ಲಿ ಇವೆ. ಕೊಳವೆಬಾವಿಯ ನೀರನ್ನು ಕಾಂಕ್ರೀಟಿಗೆ ಬಳಸುವ ಮುಂಚೆ ಪರೀಕ್ಷೆಗೆ ಕಳಿಸಲು ಕಚೇರಿ ಹಟ ಹಿಡಿದದ್ದೂ ಸರಿ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಲೀಟರಿಗೆ 500 ಮಿ.ಗ್ರಾಂ.ಗಿಂತ ಹೆಚ್ಚು ಕ್ಲೋರೈಡ್ ಇರುವ ನೀರು ಬಳಸುವಂತಿಲ್ಲ. ಬರಡು ಜಿಲ್ಲೆಗಳ ಗಡಸು ನೀರು ಕಲ್ಲಿನ ಮೇಲೆ ಬಿಳಿ ಕಲೆಯನ್ನೂ ಬಿಡುತ್ತದೆ. ಗ್ರಂಥಾಲಯದ ಪೂರ್ವದ ಗೋಡೆಯಲ್ಲಿ ಆ ಕಲೆ ಈಗಾಗಲೇ ಇಣುಕಿದೆ, ಕ್ಯೂರಿಂಗ್‌ಗೆ, ಅಂದರೆ ಕಟ್ಟಿದ ಮೇಲೆ ಗೋಡೆಗೆ ಉಣಿಸಲು, ಯಾವ ನೀರು ಎಂದು ಯಾರೂ ಕೇಳಿರಲಿಲ್ಲ.

ಶುಲ್ಕದ ವಿಷಯ. 1972ರ ಆರ್ಕಿಟೆಕ್ಟ್‌ಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು, ನೋಂದಣಿ ಸಂಖ್ಯೆ ಕೇಳಿ. ಕೌನ್ಸಿಲ್ ಕೆಲಸವನ್ನು ಏಳು ಹಂತ ಮಾಡಿದೆ: ಪರಿಕಲ್ಪನೆ, ಪ್ರಾಥಮಿಕ ನಕ್ಷೆ, ಅನುಮೋದನೆಯ ನಕ್ಷೆ, ಕೆಲಸದ ನಕ್ಷೆ ಮತ್ತು ಟೆಂಡರು, ಕಾಂಟ್ರಾಕ್ಟರ್ ನೇಮಕ, ನಿರ್ಮಾಣ, ಮುಕ್ತಾಯ. ಶುಲ್ಕ ಕಟ್ಟಡದ ವೆಚ್ಚದ ಶೇಕಡಾವಾರು, ಅದರ ಮೇಲೆ ಶೇ. 18 ಜಿಎಸ್‌ಟಿ. ಟ್ರಸ್ಟುಗಳು ಎಡವುವುದು ಎರಡು ಕಡೆ. ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್, ದನಿತಜ್ಞರ ಶುಲ್ಕ ಇದರೊಳಗಿದೆಯೋ ಹೊರಗಿದೆಯೋ ಎಂದು ಕೇಳುವುದಿಲ್ಲ. ಇಲ್ಲಿ ದನಿತಜ್ಞರದು ಹೊರಗಿತ್ತು, ಆಮೇಲೆ ತಕರಾರಾಯಿತು. ಎರಡನೆಯದು, ನಾಲ್ಕನೇ ಹಂತಕ್ಕೇ ಹೆಚ್ಚುಪಾಲು ದುಡ್ಡು ಕೊಟ್ಟು ಮುಗಿಸುತ್ತಾರೆ. ಆಮೇಲೆ ಸೈಟಿಗೆ ಬರಲು ಬೆಂಗಳೂರಿನವರಿಗೆ ತುಮಕೂರು ದಾರಿಯ ದಾಬಸ್‌ಪೇಟೆಯೇ ದೂರವಾಗಿಬಿಡುತ್ತದೆ.

ಈ ಕರಾರಿನಲ್ಲಿ “ಅಗತ್ಯವಿದ್ದಾಗ ಭೇಟಿ” ಎಂದಿತ್ತು. ಅಗತ್ಯ ಯಾರು ತೀರ್ಮಾನಿಸಬೇಕು? ಹದಿನೈದು ದಿನಕ್ಕೊಮ್ಮೆ ಭೇಟಿ, ಅಡಿಪಾಯ, ಮೆಟ್ಟಿಲು, ಚಾವಣಿಯ ಕಾಂಕ್ರೀಟಿನ ಹಿಂದಿನ ದಿನ ಕಡ್ಡಾಯ ಹಾಜರಿ, ಸೈಟಿನ ಪುಸ್ತಕದಲ್ಲಿ ಸಹಿ, ಭೇಟಿ ತಪ್ಪಿದರೆ ಆರನೇ ಹಂತದ ಕಂತಿನಲ್ಲಿ ಕಡಿತ ಎಂದು ಬರೆಸಿಕೊಳ್ಳಿ. ಹಿರಿಯರು ಸ್ವತಃ ಎಷ್ಟು ಸಲ ಬರುತ್ತಾರೆ, ಕಿರಿಯರು ಎಷ್ಟು ಸಲ ಎಂಬುದನ್ನೂ ಬೇರೆ ಬೇರೆ ಬರೆಸಿ. ಇಲ್ಲಿ ಹಿರಿಯರು ಬಂದ ದಿನ ಸೈಟು ತಿದ್ದಿಕೊಂಡಿತು. ಕಿರಿಯರು ಬಂದ ದಿನ ಫೋಟೊ ತೆಗೆದುಕೊಂಡು ಹೋದರು.

ಯಾರಿಗೆ ಹೊಂದುತ್ತದೆ ಈ ಸೇವೆ? ನಾಟಕ, ಸಂಗೀತ, ಉಪನ್ಯಾಸ ನಿಜಕ್ಕೂ ನಡೆಯುವ, ಸೈಟಿನಲ್ಲಿ ತನ್ನದೇ ಎಂಜಿನಿಯರ್ ಇಟ್ಟುಕೊಳ್ಳಬಲ್ಲ ಸಂಸ್ಥೆಗೆ. ವರ್ಷಕ್ಕೊಂದು ವಾರ್ಷಿಕೋತ್ಸವ, ಉಳಿದ ದಿನ ಪರೀಕ್ಷಾ ಹಾಲು ಎನ್ನುವವರಿಗೆ ಇಷ್ಟು ಖರ್ಚು ಬೇಡ. ಒಳ್ಳೆಯ ಸ್ಥಳೀಯ ಎಂಜಿನಿಯರ್‌ಗೆ ಒಬ್ಬ ದನಿತಜ್ಞರನ್ನು ಜೊತೆ ಮಾಡಿದರೆ ಸಾಕು.

ಕಟ್ಟಿದ ಹಾಗಿನ ಅಂತಿಮ ನಕ್ಷೆ ಇನ್ನೂ ಬಂದಿಲ್ಲ. ಏಳನೇ ಹಂತದ ಕಂತು ಟ್ರಸ್ಟಿನ ಬಳಿಯೇ ಇದೆ. ಹಿಂದಿನ ಐದು ಮೆಟ್ಟಿಲುಗಳ ಮೇಲೆ ಕಾಂಕ್ರೀಟ್ ಪದರ ಹಾಕಿ ಎತ್ತರ ಸರಿಪಡಿಸಲು ವಿವರ ನಕ್ಷೆ ಕೊಟ್ಟ ಮೇಲಷ್ಟೇ ಅದನ್ನು ಬಿಡುಗಡೆ ಮಾಡುವುದು ಎಂದು ಕಾಲೇಜು ಕೂತಿದೆ. ಕುರ್ಚಿ ಬಿಚ್ಚಿ ಮತ್ತೆ ಕೂರಿಸುವ ಕೂಲಿ ಯಾರದ್ದು ಎಂಬ ಮಾತುಕತೆ ನಡೆದಿದೆ.